ಕಪ್ಪೆಯ ಋಣ

ಹೋದ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದರೆ ದೊಡವಾಡ, ಬೈಲಹೊಂಗಲ ತಾಲೂಕು. ರಾಯಣ್ಣನ ಸಂಗೊಳ್ಳಿ, ಮಲ್ಲಮ್ಮನ ಬೆಳವಡಿ ಎರಡೂ ನಮ್ಮ ತಾಲೂಕಿನವೇ. ಹಾಗಾಗಿ ನಮ್ಮ ಕಡೆ ಇತಿಹಾಸ ಅಂದರೆ ಕತ್ತಿ, ಕುದುರೆ, ಕಿತ್ತೂರು... ಅಷ್ಟೇ. ನಾನು ಇವತ್ತು ಬರೆಯಲು ಹೊರಟಿರುವ ಇತಿಹಾಸದಲ್ಲಿ ಕತ್ತಿಯ ಬದಲು ಸಣ್ಣದೊಂದು ಕತ್ತರಿ ಇದೆ, ಕುದುರೆಯ ಬದಲು ಕಪ್ಪೆ ಇದೆ :-)

ಅಣ್ಣನ ಮಗಳು ಈಗ ಎಂ.ಬಿ.ಬಿ.ಎಸ್. ಮೊದಲ ವರ್ಷ. ಪಡಸಾಲೆಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಏನೋ ಒತ್ತುತ್ತಿದ್ದಳು. ಪರದೆಯ ಮೇಲೆ ಒಂದು ಕಪ್ಪೆಯ ಕಾಲು, ಪಕ್ಕದಲ್ಲಿ ಒಂದು ಉರುಳೆ. ಗುಂಡಿ ಒತ್ತಿದರೆ ಕಾಲಿನ ಸ್ನಾಯು ಸೆಟೆಯುತ್ತದೆ, ಉರುಳೆಯ ಮೇಲೆ ಗುಡ್ಡದಂಥ ಒಂದು ಗೆರೆ ಮೂಡುತ್ತದೆ. ಫಿಸಿಯಾಲಜಿ ಪ್ರಾಕ್ಟಿಕಲ್ ಅಂತೆ.

"ಕಾಕಾ, ನೀವು ಖರೇನ ಕಪ್ಪಿ ಕೊಯ್ದಿದ್ರೇನು?" ಅಂತ ಕೇಳಿದಳು.

"ಹೂಂ."

ಅಷ್ಟರಲ್ಲಿ ಒಳಗಿಂದ ಅವ್ವ: "ಕಪ್ಪಿ ಕೊಯ್ಯೂದು ಕಲಿಯಾಕ ಅಷ್ಟ್ ರೊಕ್ಕ ಕಟ್ಟಬೇಕೇನ? ನಮ್ಮ ಹಳ್ಳದಾಗ ಪುಕ್ಕಟ ಸಿಗತಾವಲ್ಲ!"

ಮೂವತ್ತು ವರ್ಷದ ಹಿಂದೆ ನಾನು ಕಾಲೇಜು ಸೇರಿದಾಗಲೂ ಅವ್ವ ಇದೇ ಮಾತು ಅಂದಿದ್ದಳು. ಆಗ ನಕ್ಕಿದ್ದೆ. ಈ ಸಲ ನಗು ಬರಲಿಲ್ಲ. ರಾತ್ರಿ ಮಲಗಿದಾಗ ಲೆಕ್ಕ ಹಾಕಿದೆ: ಮನುಷ್ಯನ ಮೈ ಹೇಗೆ ನಡೆಯುತ್ತದೆ ಅಂತ ನನಗೆ ಕಲಿಸಲು ಎಷ್ಟು ಮೈಗಳು ಬೇಕಾದವು? ಅವು ಯಾರವು? ಆ ಲೆಕ್ಕವೇ ಈ ಬರಹ.

*

ಮೊದಲು ಕಾಲೇಜಿನ ಕಥೆ ಮುಗಿಸಿಬಿಡುತ್ತೇನೆ. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿಗೆ ಸೇರಿತ್ತು. ಮೈಸೂರು ಸಂಸ್ಥಾನಕ್ಕೆ 1924ರಲ್ಲೇ ತನ್ನದೊಂದು ಮೆಡಿಕಲ್ ಕಾಲೇಜು ಸಿಕ್ಕಿತ್ತು. ಅದು ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಹೋಯಿತು. ಆದರೆ ದೊಡವಾಡದ ಹುಡುಗನಿಗೆ ಮೈಸೂರು ಪರದೇಶ. ಅವನಿಗಿದ್ದದ್ದು ಪುಣೆ, ಮುಂಬಯಿ ದಾರಿ. ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು 1845ರದ್ದು. ಪುಣೆಯ ಬಿ.ಜೆ. ಸ್ಕೂಲು ಕಾಲೇಜಾದದ್ದು 1946ರಲ್ಲಿ. ನಮ್ಮ ತಾಲೂಕುಗಳಲ್ಲಿ ಹಳಬರು ಇವತ್ತಿಗೂ ನೆನೆಯುವ 'ಎಲ್.ಸಿ.ಪಿ.ಎಸ್. ಡಾಕ್ಟರು' ಮುಂಬಯಿಯ ಡಿಪ್ಲೊಮಾ ಹೊತ್ತು ಬಂದವರು. ಪದವಿಯಲ್ಲ, ಪರವಾನಗಿ. 1946ರಲ್ಲಿ ಭೋರ್ ಸಮಿತಿ ಈ ಎರಡು ತರಗತಿಯ ವೈದ್ಯರು ಬೇಡ, ದೇಶಕ್ಕೆಲ್ಲ ಒಂದೇ ವಿಶ್ವವಿದ್ಯಾಲಯ ಪದವಿ ಇರಲಿ ಎಂದು ಹೇಳಿತು.

ಏಕೀಕರಣವಾದ ಮರುವರ್ಷವೇ, 1957ರಲ್ಲಿ, ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು ಬಂತು. 1963ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸೊಸೈಟಿಯ ಜವಾಹರಲಾಲ ನೆಹರೂ ಮೆಡಿಕಲ್ ಕಾಲೇಜು. ಎರಡಕ್ಕೂ ಪರೀಕ್ಷೆ ನಡೆಸುತ್ತಿದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ್ದು ಆಮೇಲೆ, 1996ರಲ್ಲಿ. ಬೈಲಹೊಂಗಲ ದಾಟಿದರೆ ಬೆಳಗಾವಿ, ಧಾರವಾಡ ದಾಟಿದರೆ ಹುಬ್ಬಳ್ಳಿ. ಅಂತೂ ಡಾಕ್ಟರಿಕೆ ನಮ್ಮ ಕೆಂಪು ಬಸ್ಸಿನ ಅಳವಿಗೆ ಬಂತು. ಇವೆರಡರಲ್ಲಿ ನಾನು ಓದಿದ್ದು ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ.

ನಮ್ಮ ಕಾಲಕ್ಕೆ ಮೊದಲ ಹಂತ ಒಂದೂವರೆ ವರ್ಷ. ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ. (1997ರ ನಿಯಮದಲ್ಲಿ ಇದನ್ನು ಹನ್ನೆರಡು ತಿಂಗಳಿಗೆ ಇಳಿಸಿದರು.) ಅನಾಟಮಿಯಲ್ಲಿ ಮೈಯ ನಕಾಶೆ, ಫಿಸಿಯಾಲಜಿಯಲ್ಲಿ ಮೈಯ ಸಂಸಾರ. ಮನೆಗೆ ಕೋಣೆ ಎಷ್ಟು ಅಂತ ಎಣಿಸುವುದು ಬೇರೆ. ಮನೆಯಲ್ಲಿ ರೊಟ್ಟಿ ಹೇಗೆ ಬೇಯುತ್ತದೆ, ಜಗಳ ಹೇಗೆ ಹತ್ತುತ್ತದೆ, ಹೇಗೆ ಆರುತ್ತದೆ ಅಂತ ತಿಳಿಯುವುದು ಬೇರೆ. ನನಗೆ ಎರಡನೆಯದರ ಮೇಲೆ ಪ್ರೀತಿ ಹುಟ್ಟಿತು.

ಪ್ರೀತಿ ಹುಟ್ಟುವ ಮುಂಚೆ ಭಾಷೆ ಕಾಡಿತು. ಹತ್ತನೆಯವರೆಗೆ ಕನ್ನಡ ಶಾಲೆ ನನ್ನದು. ಹೊಸ ಹೆಸರುಗಳನ್ನು ಹೇಗೋ ಬಾಯಿಪಾಠ ಮಾಡಿದೆ, ಆದರೆ ನನ್ನ ಹಳೆಯ ಕನ್ನಡವೇ ಅಡ್ಡ ನಿಂತಿತು! ನಮ್ಮ ಮನೆಯಲ್ಲಿ 'ನರ' ಅಂದರೆ ಎಲ್ಲವೂ ಹೌದು. ಸಲಾಯಿನ್ ಹಚ್ಚುವುದು ನರಕ್ಕೆ, ಓಡುವಾಗ ಎಳೆಯುವುದು ನರ, ಸಿಟ್ಟು ಬಂದರೆ ಹಣೆಯ ಮೇಲೆ ಏಳುವುದು ನರ. ಕಾಲೇಜಿನಲ್ಲಿ ನೋಡಿದರೆ ಒಂದು ರಕ್ತನಾಳ, ಇನ್ನೊಂದು ಸ್ನಾಯುರಜ್ಜು, ಮೂರನೆಯದು ಮತ್ತೆ ರಕ್ತನಾಳ. ನಿಜವಾದ ನರ ಕಣ್ಣಿಗೆ ಕಾಣುವುದೇ ಇಲ್ಲ. 'ಸ್ನಾಯು' ಪದದ ಕಥೆ ಇನ್ನೂ ಮಜಾ. ಸುಶ್ರುತನಲ್ಲಿ ಅದು ಎಲುಬನ್ನು ಬಿಗಿಯುವ ಕಟ್ಟು. ನಮಗೂ ಮರಾಠಿಯವರಿಗೂ ಮಾಂಸಖಂಡ. ಬಂಗಾಳಿಯವರಿಗೆ ಅದೇ ಸ್ನಾಯು ಅಂದರೆ ನರ! ನಮ್ಮವರು ದಡ್ಡರು ಅಂತ ತಿಳಿಯಬೇಡಿ. ಇಂಗ್ಲಿಷಿನ ನರಶಾಸ್ತ್ರದ ಪದಗಳಿಗೆಲ್ಲ ಮೂಲವಾದ ಗ್ರೀಕರ 'ನ್ಯೂರಾನ್' ಕೂಡ ಮೊದಲು ಸೂಚಿಸುತ್ತಿದ್ದದ್ದು ಸ್ನಾಯುರಜ್ಜನ್ನೇ, ಬಿಲ್ಲಿನ ಹೆದೆಯನ್ನೇ. ಹೊರಗಿನಿಂದ ನೋಡಿದರೆ ಬಿಳಿ ದಾರ ಎಲ್ಲವೂ ಒಂದೇ. ಯಾವ ದಾರ ಏನು ಮಾಡುತ್ತದೆ ಅಂತ ಹೇಳಲು ಯಾರಾದರೂ ಒಬ್ಬರು ಅದನ್ನು ಮುಟ್ಟಿ ನೋಡಬೇಕಿತ್ತು.

ಮುಟ್ಟಿ ನೋಡಿಸಿಕೊಂಡದ್ದು ಕಪ್ಪೆ.

*

ಕಪ್ಪೆಗಳು ಗೋಣಿಚೀಲದಲ್ಲಿ ಬರುತ್ತಿದ್ದವು. ಮಳೆಗಾಲದಲ್ಲಿ ನಮ್ಮ ಹಳ್ಳದ ದಂಡೆಯಲ್ಲಿ ಹಳದಿ ಬಣ್ಣಕ್ಕೆ ತಿರುಗಿ ವಟಗುಟ್ಟುತ್ತವಲ್ಲ, ಆ ದೊಡ್ಡ ಗೂಳಿಕಪ್ಪೆಗಳೇ. ತಲೆಯ ಹಿಂಭಾಗದಲ್ಲಿ ಸೂಜಿ ಹಾಕಿ ಮಿದುಳು, ಬೆನ್ನುಹುರಿಗಳನ್ನು ಕೆಡಿಸುತ್ತಾರೆ. ಕಪ್ಪೆ ಸತ್ತ ಹಾಗೆ. ಆದರೆ ಅದರ ಕಾಲಿನ ಸ್ನಾಯು, ಅದರ ಹೃದಯ ತಾಸುಗಟ್ಟಲೆ ಬದುಕಿರುತ್ತವೆ. ಮೀನಖಂಡದ ಸ್ನಾಯುವನ್ನು ಅದರ ನರದ ಸಮೇತ ಬಿಡಿಸಿ, ಒಂದು ಸಣ್ಣ ಕಡ್ಡಿಗೆ ಕಟ್ಟಿ, ಕಡ್ಡಿಯ ತುದಿ ಉರುಳೆಗೆ ತಾಗುವಂತೆ ನಿಲ್ಲಿಸಬೇಕು.

ಆ ಉರುಳೆಯ ಹೆಸರು ಕೈಮೋಗ್ರಾಫ್. ಜರ್ಮನಿಯ ಕಾರ್ಲ್ ಲುಡ್‌ವಿಗ್ 1840ರ ದಶಕದಲ್ಲಿ ಮಾಡಿದ್ದು. ಉರುಳೆಗೆ ನುಣುಪು ಕಾಗದ ಸುತ್ತಿ, ಹೊಗೆಯುಗುಳುವ ದೀಪದ ಮೇಲೆ ತಿರುಗಿಸಿ ಮಸಿ ಹಿಡಿಸುವುದು. ಅವ್ವ ಚಿಮಣಿ ದೀಪದ ಮೇಲೆ ತಾಟು ಬೋರಲು ಹಾಕಿ ಕಾಡಿಗೆ ಹಿಡಿಯುತ್ತಿದ್ದಳಲ್ಲ, ಅದೇ ವಿದ್ಯೆ! ಇಡೀ ವರ್ಗದಲ್ಲಿ ಮಸಿಯನ್ನು ಎಲ್ಲೂ ದಪ್ಪವಾಗದಂತೆ, ಕಾಗದ ಸುಡದಂತೆ ಹಿಡಿಸುತ್ತಿದ್ದವನು ನಾನೇ. ಇಂಗ್ಲಿಷಿನಲ್ಲಿ ಹಿಂದೆ ಬಿದ್ದವನಿಗೆ ಅದೊಂದೇ ಹೆಮ್ಮೆ.

ಆಮೇಲೆ ನರಕ್ಕೆ ಚೂರು ವಿದ್ಯುತ್ತು ಮುಟ್ಟಿಸಿದರೆ ಕಡ್ಡಿ ಕುಪ್ಪಳಿಸಿ ಕಪ್ಪು ಕಾಗದದ ಮೇಲೆ ಬಿಳಿ ಗೆರೆ ಗೀಚುತ್ತದೆ. ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಲ್ಲ ಮುಗಿಯಿತು. ಮೊದಲು ಏನೂ ಆಗದ ನೂರನೇ ಒಂದು ಭಾಗ, ಏರಲು ನೂರರಲ್ಲಿ ನಾಲ್ಕು, ಇಳಿಯಲು ನೂರರಲ್ಲಿ ಐದು. ಕಾಗದವನ್ನು ವಾರ್ನಿಷಿನಲ್ಲಿ ಅದ್ದಿ ಒಣಗಿಸಿ ಜರ್ನಲ್ಲಿಗೆ ಅಂಟಿಸಬೇಕು. (ಬೆಂಗಳೂರು, ಮೈಸೂರು ಕಡೆಯವರು ಇದಕ್ಕೆ 'ರೆಕಾರ್ಡು' ಅನ್ನುತ್ತಾರೆ. ನಮಗೆ ಇನ್ನೂ ಮುಂಬಯಿಯ ಜರ್ನಲ್ಲೇ.)

ವಿದ್ಯಾರ್ಥಿ ಕೇವಲ ಕೇಳಿ ಕಲಿತರೆ ಸಾಲದು, ಪ್ರತಿಯೊಬ್ಬನೂ ಕೈಯಾರೆ ಪ್ರಯೋಗ ಮಾಡಬೇಕು ಅಂತ ಇಂಗ್ಲೆಂಡಿನಲ್ಲಿ ಗಟ್ಟಿ ಮಾಡಿದವರಲ್ಲಿ ಮುಖ್ಯನಾದವನು ಮೈಕೆಲ್ ಫಾಸ್ಟರ್. 1870ರಲ್ಲಿ ಕೇಂಬ್ರಿಜ್‌ಗೆ ಬಂದವನು. ಆ ಪದ್ಧತಿಯೇ ಬ್ರಿಟಿಷರ ಪಠ್ಯಕ್ರಮದ ಬೆನ್ನು ಹತ್ತಿ ಇಲ್ಲಿಗೂ ಬಂತು. ಅವನ ಕಾಲದ ಕಪ್ಪೆ, ಅವನ ಕಾಲದ ಹೊಗೆಕಾಗದ ನೂರು ವರ್ಷ ದಾಟಿದ ಮೇಲೂ ನಮ್ಮ ಮೇಜಿನ ಮೇಲೆ ಹಾಗೇ ಇದ್ದವು.

ನನ್ನ ಮೊದಲ ಕಪ್ಪೆ ಕುಪ್ಪಳಿಸಲಿಲ್ಲ. ಬಿಡಿಸುವಾಗ ನರವನ್ನು ಚಿಮಟಿಗೆಯಿಂದ ಹಿಡಿದು ಕೆಡಿಸಿಬಿಟ್ಟಿದ್ದೆ. ಇನ್ನೊಂದು ಕಪ್ಪೆ ಕೊಟ್ಟರು. ಗೋಣಿಚೀಲ ತುಂಬ ಇದ್ದವಲ್ಲ.

*

ಇಷ್ಟಕ್ಕೂ ಆ ಕಪ್ಪೆಗಳು ನಮಗೆ ಕೊಟ್ಟದ್ದೇನು? ದೊಡವಾಡದಂಥ ಊರಿಗೆ ಏನು ಕೊಟ್ಟವು? ಇದನ್ನು ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನರದ ಸುದ್ದಿ ಎಷ್ಟು ವೇಗವಾಗಿ ಹೋಗುತ್ತದೆ? ಅದನ್ನು ಅಳೆಯಲು ಸಾಧ್ಯವೇ ಇಲ್ಲ ಅಂತ ದೊಡ್ಡ ವಿದ್ವಾಂಸ ಯೊಹಾನೆಸ್ ಮ್ಯುಲ್ಲರ್ ಭಾವಿಸಿದ್ದ. ಅವನ ಶಿಷ್ಯನೇ ಆದ ಹೆಲ್ಮ್‌ಹೋಲ್ಟ್ಸ್ 1850ರ ಸುಮಾರಿಗೆ ಕಪ್ಪೆಯ ಕಾಲಿನಲ್ಲೇ ಅಳೆದು ತೋರಿಸಿದ: ಸೆಕೆಂಡಿಗೆ ಸುಮಾರು 27 ಮೀಟರು. ಅಂದರೆ ತಾಸಿಗೆ ನೂರು ಕಿಲೋಮೀಟರಿನ ಹತ್ತಿರ. ನಮ್ಮ ಬೈಲಹೊಂಗಲ ಬಸ್ಸಿಗಿಂತ ಜೋರು, ಆದರೆ ಮಿಂಚಿನಷ್ಟಲ್ಲ. ಆತ್ಮದ ಅಪ್ಪಣೆ ಅಂತ ತಿಳಿದಿದ್ದದ್ದಕ್ಕೆ ಮೊದಲ ಸಲ ವೇಳಾಪಟ್ಟಿ ಬಂತು!

ಎರಡನೆಯದು ಸಲಾಯಿನ್ ಬಾಟಲಿ. ನಮ್ಮ ಕಡೆ ಜನ ಡಾಕ್ಟರ ಹತ್ತಿರ ಹೋಗಿ "ಭಾಳ ನಿಶ್ಶಕ್ತಿ ಆಗೇತ್ರಿ, ಒಂದು ಬಾಟ್ಲಿ ಹಚ್ಚರಿ" ಅಂತ ಕೇಳಿ ಹಾಕಿಸಿಕೊಳ್ಳುತ್ತಾರೆ. ಆ ಬಾಟಲಿಗಳಲ್ಲಿ ಒಂದರ ಮೇಲೆ ಆರ್.ಎಲ್. ಅಂತ ಇರುತ್ತದೆ, ರಿಂಗರ್ ಲ್ಯಾಕ್ಟೇಟ್. ಸಿಡ್ನಿ ರಿಂಗರ್ ಲಂಡನ್ನಿನ ವೈದ್ಯ. 1882ರಲ್ಲಿ ಕಪ್ಪೆಯ ಹೃದಯವನ್ನು ಹೊರಗೆ ತೆಗೆದು ಉಪ್ಪುನೀರಿನಲ್ಲಿ ಬಡಿಯುವಂತೆ ಇಟ್ಟಿದ್ದ. ಬರೀ ಉಪ್ಪಿನ ದ್ರಾವಣ ಸಾಕು ಅಂತ ತಿಳಿದಿದ್ದ. ಮತ್ತೊಮ್ಮೆ ಶುದ್ಧ ಭಟ್ಟಿ ಇಳಿಸಿದ ನೀರಿನಲ್ಲಿ ಮಾಡಿದರೆ ಹೃದಯ ಬೇಗ ಸೋತು ನಿಂತಿತು. ವಿಚಾರಿಸಿದರೆ, ಮೊದಲ ಸಲ ದ್ರಾವಣ ಮಾಡಿದ್ದು ನಲ್ಲಿ ನೀರಿನಲ್ಲಿ! ನಲ್ಲಿ ನೀರಿನಲ್ಲಿದ್ದ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ನಡೆಸಿತ್ತು. ರಿಂಗರ್ ತನ್ನ ತಪ್ಪನ್ನು ಮುಚ್ಚಿಡದೆ 1883ರಲ್ಲಿ ಬರೆದು ಒಪ್ಪಿಕೊಂಡ. ಕ್ಯಾಲ್ಸಿಯಂ ಎಲುಬಿಗೆ ಅಂತ ನಾವು ಹೇಳುತ್ತೇವೆ. ಎದೆಬಡಿತಕ್ಕೂ ಬೇಕು ಅಂತ ಲಂಡನ್ನಿನ ನಲ್ಲಿಯೇ ಹೇಳಿಕೊಟ್ಟಿತು. 1930ರ ದಶಕದಲ್ಲಿ ಅಮೆರಿಕದ ಮಕ್ಕಳ ವೈದ್ಯ ಹಾರ್ಟ್‌ಮನ್ ಅದಕ್ಕೆ ಲ್ಯಾಕ್ಟೇಟ್ ಸೇರಿಸಿದ. ವಾಂತಿಭೇದಿಯಾಗಿ ನೀರು ಬತ್ತಿದ ಕೂಸಿಗೆ ತಾಲೂಕು ಆಸ್ಪತ್ರೆಯಲ್ಲಿ ಏರಿಸುವ ಆ ಬಾಟಲಿಯಲ್ಲಿ ಕಪ್ಪೆಯ ಹೃದಯದ ಪಾಲು ಇದೆ. (ನಿಶ್ಶಕ್ತಿಗೆ ಸುಮ್ಮನೆ ಹಾಕಿಸಿಕೊಳ್ಳುವ ಬಾಟಲಿಯಲ್ಲಿ ಒಂದು ಲೋಟ ಉಪ್ಪು-ಸಕ್ಕರೆ ನೀರಿಗಿಂತ ಹೆಚ್ಚಿನದೇನೂ ಇಲ್ಲ ಅಂತ ಎಷ್ಟು ಸಲ ಹೇಳಿದರೂ ನಮ್ಮವರು ಕೇಳಲೊಲ್ಲರು.)

ಮೂರನೆಯದು ನನಗೆ ಎಲ್ಲಕ್ಕಿಂತ ಹತ್ತಿರದ್ದು. 1921, ಆಸ್ಟ್ರಿಯಾದ ಗ್ರಾತ್ಸ್ ಊರು, ಓಟೋ ಲೋವಿ. ನರವು ಹೃದಯಕ್ಕೆ 'ನಿಧಾನ' ಅಂತ ಹೇಳುವುದು ವಿದ್ಯುತ್ತಿನಿಂದಲೋ, ಯಾವುದಾದರೂ ರಸದಿಂದಲೋ? ಆಗ ಯಾರಿಗೂ ಗೊತ್ತಿರಲಿಲ್ಲ. ಲೋವಿಗೆ ರಾತ್ರಿ ಕನಸಿನಲ್ಲಿ ಪ್ರಯೋಗ ಹೊಳೆಯಿತಂತೆ. ಎದ್ದು ಗೀಚಿಟ್ಟ, ಬೆಳಿಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ತಿಳಿಯಲಿಲ್ಲ (ಡಾಕ್ಟರ ಅಕ್ಷರ!). ಮರುರಾತ್ರಿ ಮೂರು ಗಂಟೆಗೆ ಕನಸು ಮತ್ತೆ ಬಂತು. ಈ ಸಲ ಬರೆಯುತ್ತ ಕೂಡಲಿಲ್ಲ, ನೇರ ಪ್ರಯೋಗಶಾಲೆಗೆ ಓಡಿದ. ಎರಡು ಕಪ್ಪೆ ಹೃದಯಗಳು. ಒಂದರ ನರವನ್ನು ಕೆಣಕಿ ಬಡಿತ ನಿಧಾನ ಮಾಡಿದ. ಆ ಹೃದಯದಲ್ಲಿದ್ದ ದ್ರವವನ್ನು ತೆಗೆದು ಎರಡನೆಯದಕ್ಕೆ ಹಾಕಿದ. ಯಾರೂ ಕೆಣಕದ ಆ ಎರಡನೆಯ ಹೃದಯವೂ ನಿಧಾನವಾಯಿತು! ಹಾಗಾದರೆ ಸುದ್ದಿ ರಸದಲ್ಲಿದೆ. ಆ ರಸ ಅಸಿಟೈಲ್‌ಕೋಲಿನ್ ಅಂತ ಆಮೇಲೆ ಖಚಿತವಾಯಿತು. 1936ರಲ್ಲಿ ಹೆನ್ರಿ ಡೇಲ್ ಜೊತೆ ಲೋವಿಗೆ ನೊಬೆಲ್ ಬಂತು.

ಇದಕ್ಕೂ ದೊಡವಾಡಕ್ಕೂ ಏನು ಸಂಬಂಧ? ನಮ್ಮದು ಹತ್ತಿಯ ಸೀಮೆ. ಹತ್ತಿಗೆ ಕೀಡೆ ಬಿತ್ತು ಅಂದರೆ 'ಎಣ್ಣಿ ಹೊಡಿಯೋದು'. ನಾನು ಸಣ್ಣವನಿದ್ದಾಗ ನಮ್ಮ ಓಣಿಯ ಒಬ್ಬರು ಬಿರುಬಿಸಿಲಿನಲ್ಲಿ ಇಡೀ ದಿನ ಬರಿಮೈಯಲ್ಲಿ ಎಣ್ಣೆ ಹೊಡೆದು ಸಂಜೆ ಮನೆಗೆ ಬಂದವರು ಹಾಗೇ ಕುಸಿದುಬಿಟ್ಟರು. ಬಾಯಲ್ಲಿ ನೊರೆ, ಮೈತುಂಬ ಬೆವರು. ಕಣ್ಣಿನ ಪಾಪೆ ಸಾಸಿವೆಯಷ್ಟಾಗಿದೆ ಅಂತ ಯಾರೋ ಅಂದದ್ದು ನೆನಪಿದೆ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬೈಲಹೊಂಗಲಕ್ಕೆ ಓಡಿದರು. ಅಲ್ಲಿ ರಾತ್ರಿಯಿಡೀ ಒಂದರ ಮೇಲೊಂದು ಇಂಜೆಕ್ಷನ್ನು. ಬದುಕಿಕೊಂಡರು. ದೇವರು ದೊಡ್ಡವನು ಅಂತ ಊರೆಲ್ಲ ಅಂದಿತು.

ಆ ಇಂಜೆಕ್ಷನ್ನಿನ ಹೆಸರು ಅಟ್ರೋಪಿನ್ ಅಂತ ನನಗೆ ಗೊತ್ತಾದದ್ದು ಹತ್ತು ವರ್ಷದ ಮೇಲೆ, ಕಪ್ಪೆಯ ಹೃದಯದ ಮುಂದೆ ಕೂತಾಗ. ಅಸಿಟೈಲ್‌ಕೋಲಿನ್ ತನ್ನ ಸುದ್ದಿ ಹೇಳಿದ ತಕ್ಷಣ ಅದನ್ನು ಒರೆಸಿಹಾಕುವ ಒಂದು ಕಿಣ್ವ ಮೈಯಲ್ಲಿದೆ. ಆ ಜಾತಿಯ ಕೀಟನಾಶಕಗಳು ಒರೆಸುವವನನ್ನೇ ಕಟ್ಟಿಹಾಕುತ್ತವೆ. ರಸ ತುಂಬಿ ತುಳುಕುತ್ತದೆ: ಜೊಲ್ಲು, ಬೆವರು, ಸಣ್ಣ ಪಾಪೆ, ನಿಧಾನವಾಗುವ ಹೃದಯ. ಅಟ್ರೋಪಿನ್ ಹೋಗಿ ಆ ರಸ ಕೂರುವ ಜಾಗದಲ್ಲಿ ತಾನು ಕೂತುಬಿಡುತ್ತದೆ. ಉರುಳೆಯ ಮೇಲೆ ಕಪ್ಪೆಯ ಹೃದಯದ ಗೆರೆ ಬೀಳುತ್ತಿತ್ತು. ಮೇಷ್ಟ್ರು ಒಂದು ಹನಿ ಅಸಿಟೈಲ್‌ಕೋಲಿನ್ ಬಿಟ್ಟರು. ಗೆರೆ ಸಪಾಟಾಯಿತು. ತೊಳೆದು, ಅಟ್ರೋಪಿನ್ ಬಿಟ್ಟು, ಮತ್ತೆ ಅದೇ ಹನಿ. ಈ ಸಲ ಹೃದಯ ಜಗ್ಗಲಿಲ್ಲ, ಬಡಿಯುತ್ತಲೇ ಇತ್ತು. ನನಗೆ ಓಣಿಯವರ ನೊರೆಬಾಯಿ ಕಣ್ಣ ಮುಂದೆ ಬಂತು. ಓದಿದ್ದು ಒಮ್ಮೆಲೇ ಊರಿಗೆ ಬಂದು ನಿಂತ ಹಾಗಾಯಿತು. ಫಿಸಿಯಾಲಜಿ ನನಗೆ ಅರ್ಥವಾದದ್ದು ಆ ಮಧ್ಯಾಹ್ನ.

*

ಈಗ ಕಹಿ ಮಾತು. ಲೋವಿಯ ಎರಡು ಕಪ್ಪೆಗಳು ಲೋಕಕ್ಕೆ ಗೊತ್ತಿಲ್ಲದ್ದನ್ನು ಹೇಳಿದವು. ನಾನು ಕೊಯ್ದವು ಏನು ಹೇಳಿದವು? ನೂರು ವರ್ಷದಿಂದ ಪುಸ್ತಕದಲ್ಲಿದ್ದ ಗೆರೆಯನ್ನೇ. ಅದೂ ನನ್ನ ಕೈಯಲ್ಲಿ ಸೊಟ್ಟಗೆ.

ನಮ್ಮ ದೇಶದ ಕಾನೂನು ಇದನ್ನು ಬಹಳ ಹಿಂದೆಯೇ ಹೇಳಿತ್ತು ಅನ್ನುವುದು ಬೇಜಾರಿನ ಸಂಗತಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೇ ಇದೆ: ಮೆಡಿಕಲ್ ಕಾಲೇಜಿನಂಥ ಕಡೆ ಪುಸ್ತಕ, ಮಾದರಿ, ಚಲನಚಿತ್ರದಿಂದ ಅಷ್ಟೇ ಚೆನ್ನಾಗಿ ಕಲಿಸಬಹುದಾದರೆ ಪ್ರಾಣಿಪ್ರಯೋಗ ಬೇಡ ಅಂತ. (ಆ ಕಾಯ್ದೆಗಾಗಿ 1952ರಿಂದಲೇ ರಾಜ್ಯಸಭೆಯಲ್ಲಿ ಹಟ ಹಿಡಿದವರು ಭರತನಾಟ್ಯದ ರುಕ್ಮಿಣೀದೇವಿ ಅರುಂಡೇಲ್.) ಕಪ್ಪೆಕಾಲು ರಫ್ತಿನಿಂದ ಗದ್ದೆಗಳಲ್ಲಿ ಕಪ್ಪೆಯೇ ಕಡಿಮೆಯಾಗಿ ಕೀಟ ಹೆಚ್ಚುತ್ತಿವೆ ಎಂಬ ಕೂಗು ಎದ್ದು, 1987ರಲ್ಲಿ ರಫ್ತು ನಿಂತಿತು. ಕಪ್ಪೆ ಹೋದರೆ ಕೀಡೆ ಹೆಚ್ಚು, ಕೀಡೆ ಹೆಚ್ಚಾದರೆ ಎಣ್ಣಿ ಹೆಚ್ಚು, ಎಣ್ಣಿ ಹೆಚ್ಚಾದರೆ ಅಟ್ರೋಪಿನ್ ಹೆಚ್ಚು... ಈ ಸರಪಳಿ ನೋಡಿ! ಆದರೂ ಕಾಲೇಜಿನ ಗೋಣಿಚೀಲ ಬೇಗ ನಿಲ್ಲಲಿಲ್ಲ. 2019ರ ಹೊಸ ಪಠ್ಯಕ್ರಮದಲ್ಲಿ ಕಪ್ಪೆಯ ನರ-ಸ್ನಾಯು, ಹೃದಯದ ಪ್ರಯೋಗಗಳನ್ನು ಕಂಪ್ಯೂಟರಿನಲ್ಲಿ ನೋಡಿ ಕಲಿಯುವುದು ಅಂತಲೇ ಬರೆದಿದೆ. 1960ರ ಮಾತು ಪಠ್ಯಕ್ರಮದ ಪುಟದಲ್ಲಿ ಹೀಗೆ ಅಚ್ಚಾಗಲು ಸುಮಾರು ಅರುವತ್ತು ವರ್ಷ ಬೇಕಾಯಿತು.

ಹಳಬರು ಕೆಲವರು ಗೊಣಗುತ್ತಾರೆ, ಕಂಪ್ಯೂಟರಿನ ಕಪ್ಪೆ ಎಂದೂ ತಪ್ಪುವುದಿಲ್ಲ, ತಪ್ಪದ ಮೈ ಎಲ್ಲಿದೆ ಅಂತ. ಮಾತು ಸುಳ್ಳಲ್ಲ. ಆದರೂ ಅಣ್ಣನ ಮಗಳ ಪರದೆಯ ಕಪ್ಪೆಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ತಪ್ಪುವ ಮೈ ಬೇಕಿದ್ದರೆ ಅವಳದೇ ಇದೆಯಲ್ಲ.

ಖರೆ, ಫಿಸಿಯಾಲಜಿಯ ಅರ್ಧ ಪಾಠ ನಾವು ಕಲಿತದ್ದು ನಮ್ಮ ಮೈಮೇಲೆಯೇ. ಉಂಗುರ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದು ಕಣ ಎಣಿಸುವುದು, ಸಾಹ್ಲಿಯ ಕೊಳವೆಯಲ್ಲಿ ಬಣ್ಣ ಹೊಂದಿಸಿ ಹಿಮೊಗ್ಲೋಬಿನ್ ನೋಡುವುದು, ಒಬ್ಬರ ತೋಳಿಗೆ ಒಬ್ಬರು ಪಟ್ಟಿ ಕಟ್ಟಿ ಬಿ.ಪಿ. ಕೇಳುವುದು. ಪುಸ್ತಕದ ಮನುಷ್ಯ 70 ಕಿಲೋ ತೂಗುತ್ತಿದ್ದ. ಅವನ ಹೃದಯ ನಿಮಿಷಕ್ಕೆ ಐದು ಲೀಟರು ರಕ್ತ ನೂಕುತ್ತಿತ್ತು. ದಿನಕ್ಕೆ ಏಳು ಸಾವಿರ ಲೀಟರಿನ ಮೇಲೆ, ಅಂದರೆ ಬೇಸಿಗೆಯಲ್ಲಿ ಊರಿಗೆ ಬರುವ ಒಂದು ದೊಡ್ಡ ಟ್ಯಾಂಕರು. ನಮ್ಮ ಹಾಸ್ಟೆಲಿನ ಹುಡುಗರಲ್ಲಿ 70 ಕಿಲೋ ಒಬ್ಬನೂ ಇರಲಿಲ್ಲ. ನಾನು 48. ನಮ್ಮ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದ ಭಾರತೀಯ ಗಂಡಸು ಆಗ 60 ಕಿಲೋ. 2020ರಲ್ಲಿ ಅವನನ್ನು 65ಕ್ಕೆ ಏರಿಸಿದರು. 'ಸಹಜ' ಅನ್ನುವ ಅಂಕಿ ಯಾರ ಮೈಯಿಂದ ಬಂದದ್ದು ಅಂತ ಕೇಳುವ ಚಟ ನನಗೆ ಹತ್ತಿದ್ದು ಅಲ್ಲಿಂದ.

*

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಫಿಸಿಯಾಲಜಿ ಪ್ರಯೋಗಶಾಲೆಯ ಮೇಲಿನ ಅಂತಸ್ತಿನಲ್ಲಿ ಅನಾಟಮಿಯ ದೊಡ್ಡ ಕೋಣೆ. ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿತ್ತು. ಒಂದು ಮೇಜಿಗೆ ಹತ್ತು ಹನ್ನೆರಡು ಹುಡುಗರು. ನಮ್ಮ ಮೇಜಿನ ಮೇಲಿದ್ದದ್ದು ವಯಸ್ಸಾದ ಹೆಣ್ಣುಮಗಳು. ಮುಂಗೈ ಬಿಡಿಸುವ ದಿನ ನೋಡಿದೆ, ಹಚ್ಚೆ. ತುಳಸಿಕಟ್ಟೆಯಂಥ ಚಿತ್ರ, ಸುತ್ತ ಚುಕ್ಕೆಗಳು. ನಮ್ಮ ಆಯಿಯ ಕೈಮೇಲೂ ಅಂಥದೇ ಇತ್ತು. ಚರ್ಮ ಸುಲಿಯುವ ಪಾಳಿ ಆ ದಿನ ನನ್ನದು. ಮಾಡಿದೆ. ಯಾರಿಗೂ ಏನೂ ಹೇಳಲಿಲ್ಲ.

ಆಕೆ ಯಾರು, ಯಾವ ಊರು? ಯಾರೂ ಕೇಳಿಕೊಂಡು ಬರಲಿಲ್ಲ ಅನ್ನುವುದೇ ಆಕೆ ಆ ಮೇಜಿಗೆ ಬರಲು ಕಾರಣ. ಇಂಗ್ಲೆಂಡಿನಲ್ಲಿ 1832ರ ಕಾಯ್ದೆ ಬಡವರ ಆಶ್ರಯಮನೆಗಳಲ್ಲಿ ಸತ್ತು ವಾರಸುದಾರರಿಲ್ಲದ ದೇಹಗಳನ್ನು ಕಾಲೇಜಿಗೆ ಕೊಡಲು ದಾರಿ ಮಾಡಿತು. ನಮ್ಮಲ್ಲಿ ಮೈಸೂರು ಅನಾಟಮಿ ಕಾಯ್ದೆ ಆದದ್ದು 1957ರಲ್ಲಿ, ಹುಬ್ಬಳ್ಳಿ ಕಾಲೇಜು ಹುಟ್ಟಿದ ವರ್ಷವೇ. ಕಾಯ್ದೆ ಬೇಕೇ ಇತ್ತು, ಅದಿಲ್ಲದೆ ಕಾಲೇಜು ನಡೆಯುವುದಿಲ್ಲ. ಆದರೆ ಅದರ ಅರ್ಥ ಇಷ್ಟು: ನಮ್ಮ ಸೀಮೆಯ ಡಾಕ್ಟರುಗಳೆಲ್ಲ ಕಲಿತದ್ದು ಆಸ್ಪತ್ರೆಯ ಮೂಲೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಒಂಟಿಯಾಗಿ ಸತ್ತವರ ಮೈಯಿಂದ. ಕೊಟ್ಟವರು ಅವರಲ್ಲ. ಯಾರೂ ಬೇಡ ಅನ್ನಲು ಇರಲಿಲ್ಲ, ಅಷ್ಟೇ.

'ಕೊಡುವುದು' ಅನ್ನುವ ಮಾತನ್ನು ನಮ್ಮ ಕಡೆ ಕನ್ನಡದಲ್ಲಿ ಗಟ್ಟಿಯಾಗಿ ಆಡಿದವರಲ್ಲಿ ಡಾ. ಸ.ಜ. ನಾಗಲೋಟಿಮಠರು ಒಬ್ಬರು. ಬೆಳಗಾವಿಯ ಜೆ.ಎನ್. ಮೆಡಿಕಲ್ ಕಾಲೇಜಿನಲ್ಲಿ ಪೆಥಾಲಜಿ ಕಲಿಸಿದವರು, ಬಡತನದಲ್ಲಿ ಓದಿ ಬಂದವರು; ಅವರ ಆತ್ಮಕಥೆಯ ಹೆಸರೇ 'ಬಿಚ್ಚಿದ ಜೋಳಿಗೆ'. ನೇತ್ರದಾನ, ದೇಹದಾನ ಅಂತ ಊರೂರಿಗೆ ಹೇಳಿದರು. 2006ರಲ್ಲಿ ತೀರಿಕೊಂಡರು.

ಎರಡು ವರ್ಷದ ಮೇಲೆ, 2008ರ ನವೆಂಬರ್‌ನಲ್ಲಿ, ನಮ್ಮ ಬೈಲಹೊಂಗಲದ ಆಯುರ್ವೇದ ವೈದ್ಯ ಡಾ. ಬಸವಣ್ಣೆಪ್ಪ ರಾಮಣ್ಣವರ ತೀರಿಕೊಂಡರು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯಲ್ಲಿ ಕೆ.ಎಲ್.ಇ.ಯ ಬಿ.ಎಂ. ಕಂಕಣವಾಡಿ ಆಯುರ್ವೇದ ಕಾಲೇಜಿನ ಶಾರೀರ ರಚನಾ ವಿಭಾಗದ ಅಧ್ಯಾಪಕರು. ತನ್ನ ದೇಹವನ್ನು ಕಾಲೇಜಿಗೆ ಕೊಡಬೇಕು, ಮಗನೇ ಅದನ್ನು ವಿದ್ಯಾರ್ಥಿಗಳ ಮುಂದೆ ಬಿಡಿಸಿ ತೋರಿಸಬೇಕು ಅನ್ನುವುದು ತಂದೆಯ ಇಚ್ಛೆ. ಎರಡು ವರ್ಷ ದೇಹವನ್ನು ಕಾಪಿಟ್ಟು, ಎರಡನೆಯ ಪುಣ್ಯತಿಥಿಯಂದು, 2010ರ ನವೆಂಬರ್ 13ಕ್ಕೆ, ಮಗ ಕತ್ತಿ ಹಿಡಿದರು. ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು.

ಆಯುರ್ವೇದದವರಿಗೆ ಇದು ಪರಕೀಯವಲ್ಲ. ಸುಶ್ರುತನ ಶಾರೀರಸ್ಥಾನದಲ್ಲಿ ಹೇಳಿದೆ: ದೇಹವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನಲ್ಲಿ ಏಳು ರಾತ್ರಿ ಬಿಟ್ಟು, ಆಮೇಲೆ ಕುಂಚದಿಂದ ಮೆಲ್ಲಗೆ ಪದರ ಪದರವಾಗಿ ಉಜ್ಜಿ ನೋಡಬೇಕು ಅಂತ. ಪುಸ್ತಕದಲ್ಲಿ ಇದ್ದದ್ದು ಕೈಯಿಂದ ತಪ್ಪಿಹೋಗಿತ್ತು. 1836ರಲ್ಲಿ ಕಲಕತ್ತೆಯಲ್ಲಿ ಮಧುಸೂದನ ಗುಪ್ತ ಹೊಸ ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೊಯ್ದದ್ದು ದೊಡ್ಡ ಸುದ್ದಿಯಾಯಿತು. ಅವರೂ ಆಯುರ್ವೇದದ ಪಂಡಿತರೇ.

ಈ ಕೆಲಸವನ್ನು ಕೆಲವರು ಅತಿ ಅಂದರು, ಪ್ರದರ್ಶನ ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ನನ್ನ ಮೇಜಿನ ಮುದುಕಿಗೆ ಹೆಸರಿರಲಿಲ್ಲ. ಇಲ್ಲಿ ದೇಹಕ್ಕೆ ಹೆಸರಿತ್ತು, ಊರಿತ್ತು, ಒಪ್ಪಿಗೆ ಇತ್ತು, ಎದುರಿಗೆ ಮಗ ಇದ್ದ. ಆಮೇಲೆ ಅವರ ಹೆಸರಿನ ಟ್ರಸ್ಟು ಬೈಲಹೊಂಗಲದಿಂದಲೇ ದೇಹದಾನದ ಕೆಲಸ ನಡೆಸಿಕೊಂಡು ಬಂತು. ಈಗ ಅನೇಕ ಕಾಲೇಜುಗಳಲ್ಲಿ ಮೊದಲ ದಿನ ಹುಡುಗರು ಮೇಜಿನ ಮುಂದೆ ನಿಂತು ಪ್ರತಿಜ್ಞೆ ಮಾಡುತ್ತಾರೆ. ಅಣ್ಣನ ಮಗಳೂ ಮಾಡಿದಳಂತೆ. ನಮ್ಮ ಕಾಲಕ್ಕೆ ನಾವು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ನಿಂತಿದ್ದೆವು.

*

ದೀಪಾವಳಿ ಮುಗಿಸಿ ಹೊರಡುವ ಹಿಂದಿನ ದಿನ ದೇಹದಾನದ ಫಾರ್ಮು ತಂದೆ. ಮನೆಯವರ ಒಪ್ಪಿಗೆಯೂ ಬೇಕಲ್ಲ. ನಾಳೆ ಅವರು ಕೊಡುವುದಿಲ್ಲ ಅಂದರೆ ನನ್ನ ಸಹಿಗೆ ಏನು ಬೆಲೆ? ಹೆಂಡತಿ ಹೂಂ ಅಂದಳು. ಅಣ್ಣ ಏನೂ ಅನ್ನಲಿಲ್ಲ. ಅವ್ವನಿಗೆ ಹೇಳಿದೆ.

ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತಾರೆ. ಸಾವಿಗೆ ಹೋಗಿಬರುವುದಕ್ಕೆ ನಾವು 'ಮಣ್ಣಿಗೆ ಹೋಗಿದ್ದೆ' ಅಂತಲೇ ಅನ್ನುವುದು. ಅಪ್ಪನನ್ನು ಹೊಲದ ಬದುವಿನ ಬೇವಿನ ಗಿಡದ ಕೆಳಗೆ ಕೂರಿಸಿದ್ದೇವೆ. ಅವ್ವ ಅಮಾವಾಸ್ಯೆಗೊಮ್ಮೆ ಹೋಗಿ ಎಡೆ ಹಿಡಿದು ಬರುತ್ತಾಳೆ.

ಪೂರ್ತಿ ಕೇಳಿಸಿಕೊಂಡಳು. ಕಪ್ಪೆಯ ಮಾತಾಡಿದವಳು ಈಗ ನಗಲಿಲ್ಲ.

"ನೀ ಕಲ್ತಿದ್ದೂ ಯಾರದೋ ಮೈಯಾಗ ಅಲ್ಲೇನಪಾ?" ಅಂದಳು.

"ಹೂಂ. ಒಬ್ಬಾಕಿ ಮುದುಕಿ. ಕೈಮ್ಯಾಲ ನಮ್ಮ ಆಯಿಗತೆ ಹಚ್ಚಿ ಇತ್ತು."

ಇದನ್ನು ನಾನು ಮೂವತ್ತು ವರ್ಷದಲ್ಲಿ ಯಾರಿಗೂ ಹೇಳಿರಲಿಲ್ಲ. ಅವ್ವ ತುಸು ಹೊತ್ತು ತನ್ನ ಮುಂಗೈ ಸವರಿಕೊಂಡು ಕೂತಳು.

"ಆಕಿಗೆ ಎಡಿ ಯಾರು ಹಿಡಿತಾರ?"

ನನ್ನಲ್ಲಿ ಉತ್ತರ ಇರಲಿಲ್ಲ.

ಫಾರ್ಮಿಗೆ ಸಾಕ್ಷಿ ಸಹಿ ಇನ್ನೂ ಆಗಿಲ್ಲ. ಆದರೆ ಅಣ್ಣ ಮೊನ್ನೆ ಫೋನಿನಲ್ಲಿ ಹೇಳಿದ, ಈ ಅಮಾವಾಸ್ಯೆಗೆ ಅವ್ವ ಹೊಲಕ್ಕೆ ಹೋಗುವಾಗ ಬುತ್ತಿಯಲ್ಲಿ ಒಂದು ಎಡೆ ಹೆಚ್ಚಿಗೆ ಕಟ್ಟಿಕೊಂಡಳಂತೆ. ಯಾರಿಗೆ ಅಂತ ಕೇಳಿದ್ದಕ್ಕೆ "ಸಣ್ಣಾವನ ಮಾಸ್ತರಿಣಿಗೆ" ಅಂದಳಂತೆ.